ಮಂಗಳಕ್ಕೆ ಮೊದಲು

ಸಂಗೀತ ಕಚೇರಿಯಲ್ಲಿ ಮಂಗಳ ಹಾಡುವ ಮುಂಚೆ ಅಪ್ಪ ಎದ್ದು ಬಂದವರೇ ಅಲ್ಲ. ಮೈಸೂರಿನ ಗಣೇಶೋತ್ಸವದ ಚಪ್ಪರಗಳಲ್ಲಿ ಬಸ್ಸು ಹಿಡಿಯಲೆಂದು ಮೆಲ್ಲಗೆ ಜಾಗ ಖಾಲಿ ಮಾಡುವವರನ್ನು ಅವರು ಹೇಗೆ ನೋಡುತ್ತಿದ್ದರೆಂದರೆ, ಪಕ್ಕದಲ್ಲಿ ಕೂತ ನನಗೇ ನಾಚಿಕೆಯಾಗುತ್ತಿತ್ತು.

ಅಮ್ಮ ತೀರಿಕೊಂಡ ಮೇಲೆ ಅಪ್ಪ ಕೇರಳದ ಏಲೂರಿಗೆ ಬಂದು ನಮ್ಮ ಜೊತೆಗಿದ್ದರು. ನನ್ನ ಗಂಡನಿಗೆ ಅಲ್ಲಿನ ಕಾರ್ಖಾನೆಯೊಂದರಲ್ಲಿ ಕೆಲಸ. ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಅಪ್ಪನಿಗೆ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು. ಐದಾರು ಗಂಟೆ ದಾರಿಯ ತಿರುವನಂತಪುರದಲ್ಲಿ ಹೃದಯದ ದೊಡ್ಡ ಡಾಕ್ಟರಿಗೆ ತೋರಿಸಿ ಎಂದರು ನಮ್ಮೂರಿನ ಡಾಕ್ಟರು. ಆ ದೊಡ್ಡ ಡಾಕ್ಟರು ನೋಡುವುದು ಮಧ್ಯಾಹ್ನದವರೆಗೆ ಮಾತ್ರ.

ಹೊರಡುವಾಗ, ನಾವು ಚೇಚಿ ಎಂದು ಕರೆಯುವ ಪಕ್ಕದ ಮನೆಯ ಅಕ್ಕ, ತಮ್ಮ ಗಂಡ ದುಬೈಯಿಂದ ತಂದಿದ್ದ ಅಂಗೈಯಗಲದ ಸಿ.ಡಿ. ಪ್ಲೇಯರ್ ಕೊಟ್ಟರು. ಅದರ ಜೊತೆಗೆ ಕ್ಯಾಸೆಟ್ಟಿನ ಆಕಾರದ್ದೇ ಒಂದು ವಸ್ತು, ಅದಕ್ಕೊಂದು ವೈರಿನ ಬಾಲ. ಬಾಲದ ತುದಿಯನ್ನು ಪ್ಲೇಯರಿಗೆ ಚುಚ್ಚಿ ಕ್ಯಾಸೆಟ್ಟನ್ನು ಕಾರಿನ ಸ್ಟೀರಿಯೋಗೆ ತುರುಕಿದರೆ ಸಿ.ಡಿ.ಯ ಹಾಡು ಕಾರಿನ ತುಂಬ ಕೇಳುತ್ತಿತ್ತು. ಅಪ್ಪನಿಗೆಂದು ಇಡೀ ಕಚೇರಿಯೊಂದರ ಸಿ.ಡಿ. ತಂದಿದ್ದೆವು. ಚೇಚಿಯ ಕಂಕುಳಲ್ಲಿದ್ದ ನನ್ನ ಮಗಳು, “ತಾತಾ, ವೇಗಂ ವರಣೇ” ಎಂದಳು. ಬೇಗ ಬಾ ಅನ್ನುವುದನ್ನು ಅವಳು ಕನ್ನಡದಲ್ಲಿ ಹೇಳಿದ್ದೇ ಇಲ್ಲ.

“ಬರ್ತೀನಿ ಪುಟ್ಟಿ” ಎಂದರು ಅಪ್ಪ. ಅವರ ದನಿ ಎಂದಿನಂತಿರಲಿಲ್ಲ.

ವೈಟ್ಟಿಲ ದಾಟುವಷ್ಟರಲ್ಲಿ ಅಪ್ಪ ಮುಂದಿನ ಸೀಟಿನಲ್ಲಿ ಕಣ್ಣು ಮುಚ್ಚಿದರು. ಹಿಂದೆ ಕೂತ ನಾನು ಆಗಾಗ ಬಗ್ಗಿ, ಅವರ ಎದೆ ಏರಿಳಿಯುತ್ತಿದೆಯೇ ಎಂದು ನೋಡಿಕೊಳ್ಳುತ್ತಿದ್ದೆ. ಕೊಲ್ಲಂ ದಾಟಿದ ಮೇಲೆ ಎಚ್ಚೆತ್ತು, “ಹಾಕಮ್ಮ, ಕೇಳೋಣ” ಎಂದರು.

ಕಚೇರಿಯ ಮೊದಲ ಹಾಡಾದ ವರ್ಣ ಶುರುವಾಯಿತು. ಅಪ್ಪನ ಕೈ ತೊಡೆಯ ಮೇಲೆ ತಾಳ ಹಾಕತೊಡಗಿತು. ಆಗ ನನ್ನ ತಲೆಗೆ ಎಲ್ಲಿಂದಲೋ ಒಂದು ಹುಚ್ಚು ಯೋಚನೆ ಹೊಕ್ಕಿತು: ಆಸ್ಪತ್ರೆ ಸೇರುವುದರೊಳಗೆ ಮಂಗಳ ಮುಗಿದರೆ ಅಪ್ಪನಿಗೆ ಏನೂ ಆಗುವುದಿಲ್ಲ. ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಕಾರು ಓಡಿಸುತ್ತಿದ್ದ ನನ್ನ ಗಂಡ ನಗುತ್ತಿದ್ದರು.

ಅಷ್ಟರಲ್ಲಿ ಕಾರು ಒಂದು ಹೊಂಡಕ್ಕೆ ಇಳಿಯಿತು. ಹಾಡು ಗಕ್ಕನೆ ನಿಂತು, ಒಂದೆರಡು ಸಲ ಬಿಕ್ಕಿ, ಮತ್ತೆ ವರ್ಣದ ಮೊದಲಿಗೇ ಹೋಯಿತು. ಅಪ್ಪನ ಕೈ ಗಾಳಿಯಲ್ಲೇ ನಿಂತಿತು. ಅವರ ಎದೆಯೂ ಹೀಗೇ ತಪ್ಪುತ್ತಿರಬಹುದು ಅನ್ನಿಸಿತು.

“ರೀ, ಸ್ವಲ್ಪ ನಿಧಾನ.”

“ನಿಧಾನ ಹೋದ್ರೆ ಡಾಕ್ಟ್ರು ಎದ್ದು ಹೋಗ್ತಾರೆ” ಎಂದರು ನನ್ನ ಗಂಡ.

ಇಬ್ಬರ ಮಾತೂ ನಿಜವೇ. ಪ್ಲೇಯರನ್ನು ತೊಡೆಯಿಂದ ಎತ್ತಿ, ಎರಡೂ ಅಂಗೈಗಳ ಮೇಲಿಟ್ಟುಕೊಂಡು ಹಿಡಿದೆ. ಕಾರು ಕುಲುಕಿದಾಗಲೆಲ್ಲ ಕೈ ತಗ್ಗಿಸಿ, ಏರಿಸಿ, ತುಂಬಿದ ಎಣ್ಣೆಯ ಬಟ್ಟಲಿನಂತೆ ಕಾಪಾಡಿದೆ. ಆಟ್ಟಿಂಗಲ್ ಹತ್ತಿರ ಲಾರಿಯೊಂದು ಅಡ್ಡ ಬಂದು ನನ್ನ ಗಂಡ ಬ್ರೇಕು ಹಾಕಿದಾಗಲೂ ಹಾಡು ತಪ್ಪಲಿಲ್ಲ. ಮೊಣಕೈ ಸೋತು ಹೋಗಿತ್ತು. ಊರು ಹತ್ತಿರವಾದಂತೆ ದಾರಿಯ ಮೇಲಿನ ಸಿಟ್ಟು, ಡಾಕ್ಟರ ಮೇಲಿನ ಸಿಟ್ಟು, ಎಲ್ಲ ಸೇರಿ ಅಳು ಬರುವ ಹಾಗಾಗಿತ್ತು.

ಆಸ್ಪತ್ರೆಯ ಗೇಟಿನೊಳಗೆ ಕಾರು ನಿಂತಾಗ ಕೊನೆಯ ದೇವರನಾಮ ಮುಗಿದು ಚಪ್ಪಾಳೆ ಕೇಳುತ್ತಿತ್ತು. ಇನ್ನು ಉಳಿದದ್ದು ಮಂಗಳ ಒಂದೇ. ಗೆದ್ದೆ ಅನ್ನಿಸಿತು.

“ಅಪ್ಪ, ಮಂಗಳ ಕೇಳಿಯೇ ಇಳಿಯೋಣ. ಹೊತ್ತಿದೆ.”

“ಬೇಡ, ನಿಲ್ಲಿಸು” ಎಂದರು ಅಪ್ಪ.

ಅವರು ನನ್ನ ಕಡೆ ತಿರುಗಲಿಲ್ಲ. “ಈಗಲೇ ಮಂಗಳ ಹಾಡಿಸ್ಬೇಡಮ್ಮ. ಆಮೇಲೆ ನೋಡೋಣ.”

ಪಾಸ್ ಗುಂಡಿ ಒತ್ತಿದೆ, ಹಾಡು ಅಲ್ಲಿಗೇ ನಿಂತಿತು. ದಾರಿಯುದ್ದಕ್ಕೂ ನಾನು ಯಾವುದಕ್ಕಾಗಿ ಒದ್ದಾಡಿದೆನೋ ಅದೇ ಹತ್ತಿರ ಬಂದಂತೆಲ್ಲ ಅಪ್ಪ ಹೆದರುತ್ತಾ ಕೂತಿದ್ದರು. ನನಗೆ ಅದು ಹೊಳೆದೇ ಇರಲಿಲ್ಲ.

ರೋಗಿಯ ಜೊತೆಗೆ ಒಬ್ಬರನ್ನಷ್ಟೇ ಬಿಡುತ್ತಿದ್ದರು. ನನ್ನ ಗಂಡ ಅಪ್ಪನ ಕೈ ಹಿಡಿದುಕೊಂಡು ಹೋದರು. ನಾನು ಕಾರಿನಲ್ಲೇ ಉಳಿದೆ. ನಿಲ್ಲಿಸಿದ್ದರೂ ಪ್ಲೇಯರಿನೊಳಗೆ ಸಿ.ಡಿ. ತಿರುಗುತ್ತಲೇ ಇತ್ತು. ಬೆರಳು ತಾಗಿ ಎಲ್ಲಿ ಹಾಡಿಬಿಡುತ್ತದೋ ಎಂದು ಅದನ್ನು ಸೆರಗಿನಲ್ಲಿ ಸುತ್ತಿ ಹಿಡಿದು, ಬಾಗಿಲನ್ನೇ ನೋಡುತ್ತಾ ಕೂತೆ. ಬಿಳಿ ಪಂಚೆ ಉಟ್ಟವರು ಯಾರು ಹೊರಗೆ ಬಂದರೂ ಅಪ್ಪನೇ ಅನ್ನಿಸುತ್ತಿತ್ತು.

ಬಿಸಿಲು ಇಳಿದ ಮೇಲೆ ಅಪ್ಪ ಬಂದರು, ನಡೆದೇ ಬಂದರು. ಅವರನ್ನು ಕಂಡದ್ದೇ ಸಾಕೆನಿಸಿ ನಾನು ನಗುತ್ತಾ, ಉಳಿದ ಮಂಗಳ ಕೇಳಿಸಲೆಂದು ವೈರನ್ನು ಸರಿಪಡಿಸಿದೆ. “ಮುಂದಿನ ತಿಂಗಳು ಆಪರೇಷನ್ ಅಂತೆ” ಎಂದರು ನನ್ನ ಗಂಡ, ಮೆಲ್ಲಗೆ.

ನನ್ನ ಬೆರಳು ಆಗಲೇ ಗುಂಡಿಯ ಮೇಲಿತ್ತು. ಅಪ್ಪ ಮುಂದಿನ ಸೀಟಿನಿಂದ ಹಿಂದಕ್ಕೆ ಕೈ ಚಾಚಿ ಅದನ್ನು ಮುಚ್ಚಿದರು. ಅವರ ಅಂಗೈ ತಣ್ಣಗಿತ್ತು.

“ಅದು ಬೇಡ. ವರ್ಣದಿಂದ ಹಾಕಮ್ಮ.”