ಬಲಗಡೆಯ ಸ್ಪೀಕರು

ಕುಪಾಂಗ್ ಊರಿನ ಶಾಲಾ ಮಕ್ಕಳ ಸೊಕ್ಕು ನೋಡಬೇಕು! ಗಂಟೆ ಹೊಡೆಯುವ ಹೊತ್ತಾಗಿದ್ದರೂ ಸರಿ, ಹಾಡಿಲ್ಲದ ಬೆಮೊ ವ್ಯಾನು ಬಂದರೆ ಮುಖ ತಿರುಗಿಸಿ ನಿಲ್ಲುತ್ತಾರೆ. ಹಿಂದಿನದು ಹಾಡಿನಿಂದ ಎದೆ ನಡುಗಿಸುತ್ತ ಬಂತೋ, ಅದಕ್ಕೆ ಮುಗಿಬೀಳುತ್ತಾರೆ. ಯೆರ್ಮಿಯಾಸನ ಬೆಮೊದ ಹಳೇ ಟೇಪು ಪ್ರಾಣ ಬಿಟ್ಟ ಮೇಲೆ, ಹತ್ತು ಜನ ಹಿಡಿಸುವ ಆ ಪುಟ್ಟ ವ್ಯಾನು ಎರಡು ವಾರ ಖಾಲಿಯೇ ಓಡಿತು. ತಪ್ಪದೆ ಹತ್ತುತ್ತಿದ್ದವಳೆಂದರೆ ಮೀನಿನ ಬುಟ್ಟಿಯ ಓರ್ಪಮ್ಮ ಒಬ್ಬಳೇ. ಹೀಗೇ ಆದರೆ ಗಾಡಿ ಮಾರುವುದೊಂದೇ ದಾರಿ. ಐವತ್ತೆಂಟರ ಯೆರ್ಮಿಯಾಸನಿಗೆ ಸ್ಟೀರಿಂಗ್ ಹಿಡಿಯುವುದು ಬಿಟ್ಟು ಬೇರೆ ಕೆಲಸ ಬಾರದು.

ಸ್ಟೀರಿಯೊ ಮಾರುವ ಸಿಯುಸ್‌ನ ಅಂಗಡಿಗೆ ಹೋದ. ಅಲ್ಲಿ ಮೂರು ಸ್ಟೀರಿಯೊ ಸಾಲಾಗಿ ಮಿನುಗುತ್ತಿದ್ದವು. ಒಂದಕ್ಕೆ ಬಣ್ಣದ ಪರದೆ, ಒಂದರ ಡಬ್ಬದ ಮೇಲೆ ಸಾವಿರ ವ್ಯಾಟಿನ ಕೂಗು, ಇನ್ನೊಂದು ಬೋಳುಬೋಳು.

"ಯಾವ್ದಪ್ಪಾ ತಗೊಳ್ಳೋದು? ತಲೆ ಕೆಟ್ಟೋಗ್ತಿದೆ."

"ಡಬ್ಬದ ಮೇಲಿರೋ ವ್ಯಾಟು ನಂಬ್ಬೇಡ ಅಣ್ಣ, ಅದು ಬರೀ ಬಡಾಯಿ. ಪರದೆ ನೋಡ್ಕೊಂಡು ಗಾಡಿ ಓಡಿಸ್ತೀಯಾ? ಬೋಳಾಗಿರೋದನ್ನೇ ತಗೋ, ಉಳಿದ ದುಡ್ಡು ಸ್ಪೀಕರಿಗೆ ಹಾಕು. ಮುಂದೆರಡು, ಹಿಂದೆರಡು."

ಐದು ದಿನದ ದುಡಿಮೆ ಅಲ್ಲೇ ಕರಗಿತು. ಮಾರನೇ ದಿನವೇ ಮಕ್ಕಳು ಬಾಗಿಲಿಗೆ ಜೋತುಬಿದ್ದರು. ಯೆರ್ಮಿಯಾಸ್ ಉಬ್ಬಿಹೋದ. ಆದರೆ ಅವನಿಗೊಂದು ಅನುಮಾನ: ತನ್ನ ಪಕ್ಕದ, ಬಲಬಾಗಿಲಿನ ಸ್ಪೀಕರು ಹಾಡುತ್ತಲೇ ಇಲ್ಲವಲ್ಲ! ಹಳೇ ಟೇಪಿಗೆ ಇದ್ದದ್ದು ಎಡಗಡೆ ಒಂದೇ ಸ್ಪೀಕರು. ಬಲಗಡೆಯ ಮಾತು ಇಪ್ಪತ್ತು ವರ್ಷದಲ್ಲಿ ಎದ್ದೇ ಇರಲಿಲ್ಲ.

ಸಿಯುಸ್ ವಯರು ಬದಲಿಸಿದ. ಆಮೇಲೆ ಸ್ಪೀಕರನ್ನೇ ಬದಲಿಸಿದ. ಯೆರ್ಮಿಯಾಸ್ ಮೂರನೇ ಸಲ ದೂರು ತಂದಾಗ ಸಿಯುಸ್‌ಗೂ ರೇಗಿತು.

"ಅಣ್ಣಾ, ಕಿವಿ ತೂತಾಗೋ ಹಾಗೆ ಹಾಡ್ತಿದೆ! ಕೈ ಇಟ್ಟು ನೋಡು."

ಕೈ ಇಟ್ಟ. ಜಾಲರಿ ಗಡಗಡ ನಡುಗುತ್ತಿತ್ತು. ನಡುಕ ಉಂಟು, ಸದ್ದಿಲ್ಲ! ಇದೆಂಥ ಮಾಯೆ? ಸಿಯುಸ್ ತನ್ನನ್ನು ಆಟ ಆಡಿಸುತ್ತಿದ್ದಾನೋ, ತನಗೇ ಅರಳುಮರಳೋ? ಏನೂ ತಿಳಿಯದೆ ವಾಪಸು ಬಂದ.

ಅಷ್ಟರಲ್ಲಿ ಇನ್ನೊಂದು ತಾಪತ್ರಯ. ಇಳಿಯುವವರು ನಾಣ್ಯದಿಂದ ಚಾವಣಿ ಕುಟ್ಟುವುದು, ಚಾಲಕ ನಿಲ್ಲಿಸುವುದು ಬೆಮೊದ ಪದ್ಧತಿ. ಕುಟ್ಟದೆ ಯಾರಿಗೂ ನಿಲ್ಲಿಸುವುದಿಲ್ಲ, ಗುರುತಿನವರಾದರೂ ಅಷ್ಟೆ. ಈಗ ನೋಡಿದರೆ ದಿನಕ್ಕೆ ನಾಲ್ಕು ಜನ ತಮ್ಮ ನಿಲ್ದಾಣ ದಾಟಿ ಹೋಗಿ ಬೈದುಕೊಂಡು ಇಳಿಯುತ್ತಿದ್ದರು. ಹಾಡಿಗಾಗಿ ಬಂದ ಮಕ್ಕಳೂ ಒಬ್ಬೊಬ್ಬರೇ ಜಾರತೊಡಗಿದರು.

ಒಂದು ಬೆಳಿಗ್ಗೆ ಓರ್ಪಮ್ಮನನ್ನು ಮೀನು ಮಾರ್ಕೆಟ್ಟಿನಿಂದ ಮೂರು ಬೀದಿ ಆಚೆಗೆ ಒಯ್ದುಬಿಟ್ಟ. ಅವಳು ಇಳಿದು ಮುಂದಿನ ಎಡ ಕಿಟಕಿಗೇ ಬಂದಳು.

"ಏನೋ ಯೆರ್ಮಿ, ಕುಟ್ಟಿ ಕುಟ್ಟಿ ನನ್ನ ಗೆಣ್ಣು ಕೆಂಪಾಯ್ತು! ಎಲ್ಲಿತ್ತೋ ಗ್ಯಾನ?"

"ಎಲ್ಲಾ ಆ ಸಿಯುಸ್ ಕೊಟ್ಟ ಹಾಳು ಡಬ್ಬದಿಂದ ಕಣಮ್ಮ. ಬಲಗಡೇದು ಕೆಟ್ಟಿದೆ, ಎಡಗಡೇದೇ ಎಲ್ಲಾ ಕೂಗ್ಕೊಳ್ಳತ್ತೆ. ಕುಟ್ಟಿದ್ದು ಎಲ್ಲಿ ಕೇಳಬೇಕು?"

"ಬಲಗಡೇದು ಕೆಟ್ಟಿದ್ಯಾ? ಇಲ್ಲಿವರೆಗೂ ಬಡೀತಿದೆಯಲ್ಲೋ!" ಓರ್ಪಮ್ಮ ಅವನ ಮುಖವನ್ನೇ ದಿಟ್ಟಿಸಿದಳು. ಬಾಗಿಲು ತೆಗೆದು ಪಕ್ಕದಲ್ಲಿ ಕೂತಳು. ಮೀನಿನ ವಾಸನೆಯ ಅಂಗೈಯನ್ನು ಅವನ ಎಡಗಿವಿಗೆ ಒತ್ತಿ ಹಿಡಿದಳು.

ಹಾಡು ನಿಂತಿತು. ಬೀದಿಯೂ ನಿಂತಿತು. ಓರ್ಪಮ್ಮನ ತುಟಿಗಳು ಅಲುಗುತ್ತಿದ್ದವು, ಮಾತಿರಲಿಲ್ಲ. ಅವಳು ಕೈ ತೆಗೆದಾಗ ಎಲ್ಲ ಒಮ್ಮೆಲೇ ನುಗ್ಗಿ ಬಂದು ಯೆರ್ಮಿಯಾಸ್ ಬೆಚ್ಚಿಬಿದ್ದ.

"ನಿನ್ನ ಬಲಗಿವಿ ಹೋಗಿದೆ ಕಣೋ," ಎಂದಳು ಮೆಲ್ಲಗೆ.

ಯಾವಾಗ ಹೋಯಿತು? ಹೇಳದೆ ಕೇಳದೆ ಹೇಗೆ ಹೋಯಿತು? ಕಿಟಕಿಯ ಗಾಳಿಗೋ, ಲಾರಿಗಳ ಹಾರ್ನಿಗೋ? ಯೆರ್ಮಿಯಾಸನಿಗೆ ಒಂದೂ ಹೊಳೆಯಲಿಲ್ಲ. ಕಿವುಡನ ಬೆಮೊಗೆ ಯಾರು ಹತ್ತುತ್ತಾರೆ?

"ಯಾರಿಗೂ ಹೇಳ್ಬೇಡಮ್ಮ, ನಿನ್ನ ಕಾಲಿಗೆ ಬೀಳ್ತೀನಿ."

"ಊರಿಗೆಲ್ಲಾ ಕೂಗೋದೇ ನನ್ನ ಕಸುಬು. ಇದೊಂದನ್ನ ಕೂಗಲ್ಲ, ಹೋಗು. ಆದ್ರೆ ನಾಳೆ ನನ್ನನ್ನ ಮಾರ್ಕೆಟ್ ಹತ್ರವೇ ಇಳಿಸ್ಬೇಕು, ತಿಳೀತಾ?"

ಅಂದೇ ಸಂಜೆ ಅವನು ಮತ್ತೆ ಸಿಯುಸ್‌ನ ಅಂಗಡಿ ಮುಂದೆ ನಿಂತ.

"ಎಡಗಡೆ ಎರಡನ್ನೂ ಬಂದ್ ಮಾಡಿಬಿಡು. ಬಲಗಡೇದು ಮಾತ್ರ ಹಾಡ್ಲಿ."

ಸಿಯುಸ್ ಬಾಯಿ ತೆರೆದ. "ನಿನ್ನೆವರೆಗೂ ಬಲಗಡೇದು ಕೆಟ್ಟಿದೆ ಅಂತ ನನ್ನ ಪ್ರಾಣ ತಿಂದೆ! ಏನಾಗಿದೆ ಅಣ್ಣ ನಿಂಗೆ?"

"ಏನೂ ಆಗಿಲ್ಲ. ಮಾಡು."

ಒಂದು ಗುಂಡಿಯನ್ನು ಬಲಕ್ಕೆ ಪೂರ್ತಿ ತಿರುಗಿಸಿದ್ದಷ್ಟೇ ಕೆಲಸ. ಮಾರನೇ ದಿನ ಹಿಂದೆ ಕೂತ ಮಕ್ಕಳು ತಲೆ ಕುಣಿಸಿದರು. ಮೀನು ಮಾರ್ಕೆಟ್ಟಿನ ಬಳಿ ನಾಣ್ಯ ಟಕಟಕ ಎಂದಿತು. ಅದು ಎಡಗಿವಿಗೆ ತಟ್ಟನೆ ಸಿಕ್ಕಿತು. ಗಾಡಿ ನಿಂತಿತು, ಓರ್ಪಮ್ಮ ಬುಟ್ಟಿ ಎತ್ತಿಕೊಂಡು ಇಳಿದಳು.

ಮುಂದಿನ ಸೀಟಿನ ಹುಡುಗಿ ಅವನತ್ತ ವಾಲಿದಳು. "ಮಾಮಾ, ಈ ಹಾಡು ಎಷ್ಟು ಚೆನ್ನಾಗಿದೆ ಅಲ್ವಾ?"

ಅವನಿಗೆ ಎಲ್ಲೋ ದೂರದ ಮನೆಯಲ್ಲಿ ಹಾಡಿದ ಹಾಗಿತ್ತು. ಯಾವ ಹಾಡೆಂದು ಗೊತ್ತಾಗಲಿಲ್ಲ. ಬಲಗೈಯನ್ನು ಬಾಗಿಲಿನ ಜಾಲರಿಯ ಮೇಲಿಟ್ಟ.

"ಹೂಂ ಕಣವ್ವ, ಬಹಳ ಚೆನ್ನಾಗಿದೆ," ಎಂದ.