ಒಂದೇ ಹೆಸರಿನ ಎರಡು ಸಾಲು

ಪೀಣ್ಯದಲ್ಲಿ ಇನ್ನೂ ಮೆಟ್ರೊ ಕಂಬಗಳು ಏಳದಿದ್ದ ಕಾಲ. ಅಲ್ಲಿನ ಒಂದು ಕಾರ್ಖಾನೆಯ ಕಂಪ್ಯೂಟರ್ ವಿಭಾಗವೆಂದರೆ ನಾನೇ. ಬೇರೆ ಯಾರೂ ಇರಲಿಲ್ಲವಾದ್ದರಿಂದ ‘ವಿಭಾಗದಲ್ಲಿದ್ದೆ’ ಎನ್ನುವುದು ತಪ್ಪಾಗುತ್ತದೆ.

ಪ್ರತಿ ಸೋಮವಾರ ಗುತ್ತಿಗೆ ಕೆಲಸಗಾರರ ಹೆಸರಿನ ಪಟ್ಟಿ ಗೇಟಿಗೆ ಹೋಗಬೇಕು. ಮೂವರು ಸೂಪರ್‌ವೈಸರ್‌ಗಳು ಮೂರು ಪಟ್ಟಿ ಕೊಡುತ್ತಿದ್ದರು. ಒಬ್ಬನೇ ಆಸಾಮಿ ಎರಡರಲ್ಲಿ ಇರುವುದು ಮಾಮೂಲು. ಅದಕ್ಕೆ ಮೂರು ಸಾಲಿನ ಶೆಲ್ ಸ್ಕ್ರಿಪ್ಟ್, ಅಂದರೆ ಕಂಪ್ಯೂಟರಿಗೆ ಆಜ್ಞೆಗಳ ಚೀಟಿ, ಬರೆದೆ. ಎಲ್ಲವನ್ನೂ ಒಟ್ಟು ಸುರಿ, ಅಕಾರಾದಿಯಾಗಿ ಜೋಡಿಸು, ಎರಡನೇ ಸಲ ಬಂದ ಸಾಲನ್ನು ತೆಗೆದುಹಾಕು. ಈ ಕೊನೆಯ ಮಹತ್ಕಾರ್ಯಕ್ಕೆ ‘ಸಾರ್ಟ್’ ಎಂಬ ಆಜ್ಞೆಯ ಪಕ್ಕ ಒಂದು ಅಡ್ಡಗೆರೆ, ಒಂದು ‘ಯು’ ಸಾಕು. ಸೃಷ್ಟಿಕರ್ತನಿಗೂ ಇಷ್ಟು ಅಚ್ಚುಕಟ್ಟು ಒದಗಲಿಲ್ಲವಲ್ಲ ಎಂದು ನಾನು ಮರುಗಿದ್ದುಂಟು.

ಅದನ್ನು ಓಡಿಸಿದ ವಾರವೇ, ಬುಧವಾರ ಬೆಳಿಗ್ಗೆ, ಚಹಾ ಕುಡಿಯಲು ಗೇಟು ದಾಟುತ್ತಿದ್ದೆ. ಉತ್ತರ ಕರ್ನಾಟಕದ ಕೆಲಸಗಾರನೊಬ್ಬನನ್ನು ಕಾವಲುಗಾರ ತಡೆದು ನಿಲ್ಲಿಸಿದ್ದ.

“ಈ ಎಸ್ರು ಆಗ್ಲೇ ಒಳಿಕ್ಕೋಯ್ತು ಗುರು. ಟಿಕ್ ಆಕಿವ್ನಿ ನೋಡು.”

“ನಾ ಒಳಗ ಹೋಗಿದ್ರ ಇಲ್ಲಿ ನಿಂತಾಂವ ಯಾರ್ರೀ? ನನ್ನ ದೆವ್ವ ಏನ್ರಿ?”

“ದೆವ್ವಕ್ಕೂ ಲಿಸ್ಟಲ್ಲಿ ಎಸ್ರಿರ್ಬೇಕು ಕಣಣ್ಣ!”

ನಾನೂ ನಕ್ಕೆ. ನನ್ನ ಪಟ್ಟಿಯಲ್ಲಿ ತಪ್ಪಿರಲು ಸಾಧ್ಯವೇ ಇರಲಿಲ್ಲ. ಆ ಕೆಲಸಗಾರ ನನ್ನ ಮುಖ ನೋಡಿದ. ಆ ನೋಟ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಶುಕ್ರವಾರ ಅದೇ ಹೆಸರಿನ ಇನ್ನೊಬ್ಬ ನನ್ನ ಮೇಜಿನ ಮುಂದೆ ಬಂದು ನಿಂತ. ಗೇಟಿನಲ್ಲಿ ನಿಂತಿದ್ದವನ ಚಿಕ್ಕಪ್ಪನ ಮಗ.

“ನಮ್ಮ ಅಜ್ಜನ ಹೆಸರ್ರೀ ಅದು, ಸಾಹೇಬ್ರ. ಅಜ್ಜ ತೀರಿಕೊಂಡ ವರ್ಷ ಎರಡೂ ಮನಿಯಾಗ ಗಂಡು ಹುಟ್ಟಿದ್ವು. ಯಾರರ ಬಿಟ್ಟು ಕೊಡ್ತಾರೇನ್ರಿ? ಇಬ್ಬರಿಗೂ ಅದನ್ನ ಇಟ್ರು.”

ಹೆಸರು ಒಂದು, ಮನೆತನದ ಹೆಸರು ಒಂದು, ಊರು ಒಂದು. ನನ್ನ ಸ್ಕ್ರಿಪ್ಟು ಇಬ್ಬರನ್ನು ಒಬ್ಬನನ್ನಾಗಿ ಮಾಡಿತ್ತು.

“ಮನೇಲಿ ಹೇಗೆ ಕರೀತಾರೆ?” ಎಂದೆ.

“ಅಂವ ದೊಡ್ಡಾಂವ, ನಾ ಸಣ್ಣಾಂವ.”

ಇದಕ್ಕೆ ನನ್ನ ಪಟ್ಟಿಯಲ್ಲಿ ಜಾಗವಿರಲಿಲ್ಲ.

“ದೊಡ್ಡಾಂವ ಎಲ್ಲಿ ಈಗ?”

“ಮೂರು ದಿನ ಗೇಟಿನಾಗ ನಿಂತಾನ್ರಿ. ನಿನ್ನೆ ಸಂಜೀಕ ಲಗ್ಗೆರೆ ಖೋಲಿಗೆ ಹೋದ್ರ ಅವನ ಚೀಲ ಇರಲಿಲ್ಲ. ಸರ್ಜಾಪುರದ ಕಡೆ ಬಿಲ್ಡಿಂಗ್ ಕೆಲಸಕ್ಕ ಹೋದ ಅಂತಾರ. ಫೋನ್ ಇಲ್ರಿ ಅವಂಗ.”

ಆ ‘ಯು’ ಅಕ್ಷರವನ್ನು ಅಳಿಸಿದೆ. ಸೋಮವಾರದ ಪಟ್ಟಿಯಲ್ಲಿ ಒಂದರ ಕೆಳಗೊಂದು ಎರಡೂ ಹೆಸರು ಬಂದವು. ದೊಡ್ಡಾಂವ ಬರಲಿಲ್ಲ. ಮುಂದಿನ ವಾರವೂ ಇಲ್ಲ, ಅದರ ಮುಂದಿನ ವಾರವೂ ಇಲ್ಲ.

ಕೊನೆಗೆ ಮ್ಯಾನೇಜರು, “ಬರದೇ ಇರೋರ ಹೆಸ್ರು ಯಾಕ್ರೀ ಇಟ್ಕೊಂಡಿದೀರ? ತೆಗೀರಿ,” ಎಂದರು.

ಫೈಲು ತೆರೆದೆ. ಅಕ್ಷರಕ್ಕೆ ಅಕ್ಷರ ಒಂದೇ ಇರುವ ಎರಡು ಸಾಲು. ದೊಡ್ಡಾಂವ ಯಾವುದು? ಸಣ್ಣಾಂವ ಯಾವುದು? ಕೆಳಗಿನದನ್ನು ಅಳಿಸಿದೆ.

ಸೋಮವಾರ ಹೊಸ ಪಟ್ಟಿ ಹೋದಾಗ ಗೇಟಿನ ಬಳಿ ನಿಂತು ನೋಡಿದೆ. ಸಣ್ಣಾಂವ ಬಂದ, ಕಾವಲುಗಾರ ಟಿಕ್ ಹಾಕಿದ. ಅವನು ತನ್ನ ಸಾಲಿನ ಮೇಲೆಯೇ ಒಳಗೆ ಬಂದನೋ, ಅಣ್ಣನ ಸಾಲಿನ ಮೇಲೋ, ಹೇಳಬಲ್ಲವನು ನಾನೊಬ್ಬನೇ. ನನಗೆ ಗೊತ್ತಿಲ್ಲ.