ಚೌಕಟ್ಟಿನಾಚೆ ಹೋದ ಅಪ್ಪ

ಸುಂಟಿಕೊಪ್ಪದಲ್ಲಿ ನನ್ನದೊಂದು ಚಿಕ್ಕ ಸ್ಟುಡಿಯೋ ಇದೆ. ಮದುವೆ ವಿಡಿಯೋ ತೆಗೆಯುವುದು, ಎಡಿಟ್ ಮಾಡುವುದು ಎರಡೂ ನಾನೇ. ಆ ವರ್ಷ ಹೊಸ ಸಾಫ್ಟ್‌ವೇರ್ ಕಲಿತಿದ್ದೆ. ಕದಲದೆ ನಿಂತ ಕ್ಯಾಮರಾದ ದೃಶ್ಯವನ್ನೂ ಅದರಲ್ಲಿ ಮೆಲ್ಲಗೆ ಜೂಮ್ ಮಾಡಬಹುದಿತ್ತು. ಮುಖದ ಮೇಲೊಂದು ಗುರುತು ಇಟ್ಟರೆ, ಮುಖ ಹೊರಳಿದ ಕಡೆಗೆಲ್ಲ ಚೌಕಟ್ಟು ಹಿಂಬಾಲಿಸುತ್ತಿತ್ತು. ಕಲಿತ ಹುರುಪಿನಲ್ಲಿ ಸಿಕ್ಕಿದ್ದಕ್ಕೆಲ್ಲ ಜೂಮ್ ಹಾಕಿದೆ.

ಮಾದಾಪುರದ ಒಂದು ಮದುವೆ. ಹುಡುಗಿಯ ಅಪ್ಪ ಎಸ್ಟೇಟಿನಲ್ಲಿ ರೈಟರ್, ಆಳುಗಳ ಹಾಜರಿ ಬರೆಯುವವರು. ಮಾತು ಕಡಿಮೆ. ಧಾರೆ ಮುಗಿದದ್ದೇ ಮಂಟಪದ ಎಡಗಂಬಕ್ಕೆ ಒರಗಿ, ಹೆಗಲ ಶಾಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಮಗಳು ತಲೆ ತಗ್ಗಿಸಿ ಕೂತಿದ್ದಳು, ನೋಡಲಿಲ್ಲ. ಕ್ಯಾಮರಾದಲ್ಲಿ ಎಲ್ಲ ಬಂದಿತ್ತು.

ಎಡಿಟಿಂಗಿಗೆ ಕೂತಾಗ ಆ ಕಂಬದ ಮೂಲೆ ನನಗೆ ಅಡ್ಡಿ ಅನ್ನಿಸಿತು. ಮದುಮಗಳ ಮುಖಕ್ಕೆ ಗುರುತು ಇಟ್ಟು ಜೂಮ್ ಎಳೆದೆ. ಅಪ್ಪ ಚೌಕಟ್ಟಿನಾಚೆ ಹೋದರು. ಮುಂದಿನ ಮದುವೆಗೆ ಜಾಗ ಬೇಕೆಂದು ಮೂಲ ಫೈಲುಗಳನ್ನೂ ಅಳಿಸಿದೆ.

ಮಳೆಗಾಲ ಕಳೆಯುವ ಹೊತ್ತಿಗೆ ಅವರು ಹೃದಯಾಘಾತದಿಂದ ತೀರಿಕೊಂಡರು. ತಿಂಗಳ ಮೇಲೆ ಮಗಳು ಸ್ಟುಡಿಯೋಗೆ ಬಂದಳು.

"ಅಣ್ಣ, ಧಾರೆ ಆದ್ಮೇಲೆ ಅಪ್ಪ ಅತ್ರಂತೆ. ಅಮ್ಮ ಈಗ ಹೇಳಿದ್ರು. ಅಪ್ಪ ಅತ್ತದ್ದು ನಾನು ನೋಡಿದ್ದೇ ಇಲ್ಲ. ವಿಡಿಯೋದಲ್ಲಿ ಎಲ್ಲಾದ್ರೂ ಉಂಟಾ?"

"ಇಲ್ಲಮ್ಮ. ಕ್ಯಾಮರಾ ನಿನ್ನ ಮೇಲೇ ಇತ್ತು. ಅವರು ಅದ್ರಲ್ಲಿ ಬರ್ಲೇ ಇಲ್ಲ," ಎಂದೆ.

"ದೂರದಲ್ಲಿ ಇದ್ರೂ ಸಾಕಿತ್ತು. ನೀವು ದೊಡ್ಡದು ಮಾಡಿ ಕೊಡ್ತೀರಿ ಅಂತ ಬಂದೆ."

"ಇದ್ದಿದ್ರೆ ಮಾಡಿ ಕೊಡ್ತಿದ್ದೆ."

"ಇರ್ಲಿ ಅಣ್ಣ. ನೀವೇನು ಮಾಡ್ಲಿಕ್ಕಾಗ್ತದೆ?" ಎಂದು ಅವಳೇ ನನಗೆ ಸಮಾಧಾನ ಹೇಳಿ ಹೊರಟಳು.

ಅವಳು ಹೋದ ಮೇಲೆ, ಅಳಿಸಿದ್ದನ್ನು ಮರಳಿ ತರುವ ಸಾಫ್ಟ್‌ವೇರ್ ಹಾಕಿ ಎರಡು ದಿನ ಹುಡುಕಿದೆ. ಆ ಜಾಗದಲ್ಲಿ ಆಗಲೇ ಬೇರೆಯವರ ಮದುವೆಗಳು ತುಂಬಿಕೊಂಡಿದ್ದವು. ಸಿಗಲಿಲ್ಲ. ಅವಳಿಗೆ ಕೊಟ್ಟಿದ್ದ ವಿಡಿಯೋದಲ್ಲಿ, ಜೂಮ್ ಪೂರ್ತಿಯಾಗುವ ಮುಂಚಿನ ಒಂದು ಕ್ಷಣದಲ್ಲಿ, ಶಾಲಿನ ಅಂಚು ಮತ್ತು ಒಂದು ಮೊಣಕೈ ಮಾತ್ರ ಉಳಿದಿತ್ತು. ಅದನ್ನೇ ಹಿಗ್ಗಿಸಿ, ನಿಧಾನ ಮಾಡಿ ನೋಡಿದೆ. ಬರೀ ಮಸುಕು. ಅಷ್ಟನ್ನಾದರೂ ತೋರಿಸಬಹುದಿತ್ತು, ತೋರಿಸಿದರೆ ನಿಜ ಹೇಳಬೇಕಾಗುತ್ತಿತ್ತು. ತೋರಿಸಲಿಲ್ಲ.

ಮೊನ್ನೆ ಅವಳ ಮಗುವಿನ ನಾಮಕರಣಕ್ಕೂ ನನ್ನನ್ನೇ ಕರೆದಳು. "ಅಮ್ಮನ್ನ ಚೆನ್ನಾಗಿ ತೆಗೀರಿ ಅಣ್ಣ," ಎಂದಳು. ತೆಗೆದೆ. ವಿಡಿಯೋ ಕೊಡಲು ಮನೆಗೆ ಹೋದಾಗ ಹೇಳಿಬಿಡೋಣ ಅನ್ನಿಸಿತು. ಅಷ್ಟರಲ್ಲಿ ಅವಳ ತಾಯಿ ಕಾಫಿ ತಂದು ಮುಂದಿಟ್ಟರು. ಕುಡಿದು, ಏನೂ ಹೇಳದೆ ಎದ್ದು ಬಂದೆ.